ಹೆಚ್ಚಾದ ಒಂದು ತಂತು

ಕಳೆದ ಮಳೆಗಾಲದ ಒಂದು ಸಂಜೆ ಶಾಲೆ ಬಿಟ್ಟ ಬಳಿಕ ಏಳನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ನನ್ನೊಡನೆ ರೈಲು ನಿಲ್ದಾಣದ ವರೆಗೆ ನಡೆದು ಬರುತ್ತಿದ್ದರು. ನಿಲ್ದಾಣದ ಸೇತುವೆಯ ಮೆಟ್ಟಿಲ ಬಳಿ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗಿಯೊಬ್ಬಳು ತಾಯಿಯ ತಲೆಯ ಮೇಲೆ ಕೊಡೆಯನ್ನು ಹಿಡಿದು ನಿಂತಿದ್ದಳು. ಗುಂಡು ಮುಖ, ಹೊರತುದಿಯಲ್ಲಿ ತುಸು ಮೇಲಕ್ಕೆ ವಾಲಿದ ಕಣ್ಣುಗಳು, ಚಿಕ್ಕ ಮೂಗು, ಗಿಡ್ಡ ಬೆರಳುಗಳು. ಅವಳು ತಾಯಿಗೆ ಕನ್ನಡದಲ್ಲಿಯೇ ಏನನ್ನೋ ಹೇಳಿದಳು. ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ನನ್ನ ಇಬ್ಬರು ಸಂಗಡಿಗರಲ್ಲಿ ಒಬ್ಬನು ನಕ್ಕನು. ಇನ್ನೊಬ್ಬನು ನಗಲಿಲ್ಲ, ಆದರೆ ಗಾಡಿ ಹತ್ತಿದ ಮೇಲೆ ಕೇಳಿದನು: “ಸರ್, ನಮ್ಮ ಕಟ್ಟಡದಲ್ಲಿಯೂ ಇಂಥ ಒಬ್ಬ ಹುಡುಗನಿದ್ದಾನೆ. ಅವನು ಗುಜರಾತಿ, ಈಕೆ ನಮ್ಮವಳು. ಬೇರೆ ಬೇರೆ ತಾಯಿಯ ಮಕ್ಕಳು ಅಣ್ಣತಂಗಿಯರ ಹಾಗೆ ಕಾಣುವುದು ಹೇಗೆ?”

ನಕ್ಕವನನ್ನು ಗದರಿಸಬೇಕೆಂದು ಬಾಯಿ ತೆರೆದಿದ್ದೆನು. ಆದರೆ ಈ ಪ್ರಶ್ನೆ ನನ್ನ ಗದರಿಕೆಗಿಂತ ದೊಡ್ಡದಾಗಿದ್ದಿತು. ಸಂಜೆಯ ಗಾಡಿಯ ನೂಕುನುಗ್ಗಲಿನಲ್ಲಿ ಒಂದು ಕೈಯಿಂದ ಸರಪಳಿ ಹಿಡಿದುಕೊಂಡು ಅದಕ್ಕೆ ಉತ್ತರ ಹೇಳುವುದು ಸಾಧ್ಯವಿರಲಿಲ್ಲ. ವಾರ್ಷಿಕ ಸಂಚಿಕೆಯ ಈ ಪುಟಗಳಲ್ಲಿ ಅದನ್ನು ಬರೆಯಲು ಯತ್ನಿಸಿದ್ದೇನೆ.

ಪ್ರಶ್ನೆ ಹೊಸದೇನಲ್ಲ. ನೂರೈವತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಒಬ್ಬ ವೈದ್ಯನು ಇದನ್ನೇ ತನಗೆ ತಾನೇ ಹಾಕಿಕೊಂಡಿದ್ದನು. ಜಾನ್ ಲ್ಯಾಂಗ್ಡನ್ ಡೌನ್ ಎಂಬುದು ಆತನ ಹೆಸರು. ೧೮೫೮ರಲ್ಲಿ ಆತನು ಸರ್ರೆ ಪ್ರಾಂತದ ಅರ್ಲ್ಸ್‌ವುಡ್ ಎಂಬಲ್ಲಿಯ ದೊಡ್ಡ ಆಶ್ರಮವೊಂದಕ್ಕೆ ಮೇಲ್ವಿಚಾರಕನಾಗಿ ಬಂದನು. ಬುದ್ಧಿಮಾಂದ್ಯರೆಂದು ಮನೆಯವರು ತಂದು ಬಿಟ್ಟ ಜನರು ಅಲ್ಲಿ ವಾಸವಾಗಿದ್ದರು. ಅವರನ್ನು ಹೊಡೆಯುವುದನ್ನು ಡೌನನು ನಿಲ್ಲಿಸಿದನು. ಶುಚಿಯಾದ ವಸತಿ, ಕೈಗೆಲಸ, ವಿನೋದ ಇವುಗಳನ್ನು ಏರ್ಪಡಿಸಿದನು. ಅವರ ಛಾಯಾಚಿತ್ರಗಳನ್ನೂ ತೆಗೆದನು. ಅವರಲ್ಲಿ ಕೆಲವರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ ಒಂದೇ ತಂದೆತಾಯಿಯರ ಮಕ್ಕಳಲ್ಲವೆಂದು ನಂಬುವುದೇ ಕಷ್ಟವೆಂದು ೧೮೬೬ರಲ್ಲಿ ಒಂದು ಲೇಖನದಲ್ಲಿ ಬರೆದನು. ರೈಲಿನಲ್ಲಿ ನಮ್ಮ ಹುಡುಗನು ಹೇಳಿದ್ದೂ ಇದನ್ನೇ ಅಲ್ಲವೇ?

ಡೌನನು ನೋಡಿದ್ದು ಸರಿಯಾಗಿದ್ದಿತು, ಊಹಿಸಿದ್ದು ತಪ್ಪಾಯಿತು. ಕಣ್ಣಿನ ಆಕಾರವನ್ನು ಕಂಡು ಈ ಮಕ್ಕಳಲ್ಲಿ ಮಂಗೋಲ ಜನಾಂಗದ ರೂಪ ಹೇಗೋ ತಲೆದೋರಿದೆಯೆಂದು ಭಾವಿಸಿ, ಆತನು ಆ ಜನಾಂಗದ ಹೆಸರನ್ನೇ ಈ ಸ್ಥಿತಿಗೆ ಇಟ್ಟನು. ಸುಮಾರು ನೂರು ವರ್ಷಗಳ ಕಾಲ ವೈದ್ಯರೂ ಜನರೂ ಆ ಹೆಸರನ್ನೇ ಬಳಸಿದರು. ಅದು ಆ ಮಕ್ಕಳಿಗೂ ಅವಮಾನ, ಮಂಗೋಲಿಯಾದ ಜನರಿಗೂ ಅವಮಾನ. ೧೯೬೧ರಲ್ಲಿ ಹಲವು ವಿಜ್ಞಾನಿಗಳು ಸೇರಿ ಅದನ್ನು ಬಿಡಬೇಕೆಂದು ಬರೆದರು. ೧೯೬೫ರಲ್ಲಿ ಮಂಗೋಲಿಯಾ ದೇಶವೇ ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಈ ಮಾತನ್ನೆತ್ತಿತು. ಆಮೇಲೆ ‘ಡೌನ್ ಸಿಂಡ್ರೋಮ್’ ಎಂಬ ಹೆಸರು ನೆಲೆಗೊಂಡಿತು. ಸಿಂಡ್ರೋಮ್ ಎಂದರೆ ಒಟ್ಟಾಗಿ ಕಾಣಿಸಿಕೊಳ್ಳುವ ಲಕ್ಷಣಗಳ ಕೂಟ. ಡೌನ್ ಎಂಬುದು ಆ ವೈದ್ಯನ ಮನೆತನದ ಹೆಸರು. ‘ಕೆಳಗೆ’ ಎಂಬ ಅರ್ಥದ ಇಂಗ್ಲಿಷ್ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮಲ್ಲಿ ಅನೇಕರು ಹಾಗೆ ತಿಳಿದಿರುವುದನ್ನು ಬಲ್ಲೆನಾದ್ದರಿಂದ ಇಷ್ಟು ಬಿಡಿಸಿ ಹೇಳಿದೆನು. ಡೌನನು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವನ ಮಗನ ಮನೆಯಲ್ಲಿ ಹುಟ್ಟಿದ ಮೊಮ್ಮಗನಿಗೂ ಇದೇ ಲಕ್ಷಣಗಳಿದ್ದುವು.

ಹಾಗಾದರೆ ನಿಜವಾದ ಕಾರಣವೇನು? ನಮ್ಮ ದೇಹವು ಜೀವಕೋಶಗಳಿಂದಾಗಿದೆಯೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಕೋಶದ ನಡುವಣ ಕೋಶಕೇಂದ್ರದಲ್ಲಿ ಅತಿ ಸೂಕ್ಷ್ಮವಾದ ಎಳೆಗಳಿವೆ. ಬಣ್ಣ ಹಾಕಿದಾಗ ಅವು ಆ ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ಎದ್ದು ತೋರುವುದರಿಂದ ಅವುಗಳಿಗೆ ವರ್ಣತಂತುಗಳೆಂದು ಹೆಸರು. ದೇಹವನ್ನು ಹೇಗೆ ಕಟ್ಟಬೇಕೆಂಬ ಸೂಚನೆಗಳೆಲ್ಲ ಅವುಗಳಲ್ಲಿ ಅಡಗಿವೆ. ಮನುಷ್ಯನಲ್ಲಿ ಅವು ನಲವತ್ತೆಂಟು ಎಂದು ಬಹುಕಾಲ ಪುಸ್ತಕಗಳಲ್ಲಿ ಅಚ್ಚಾಗುತ್ತ ಬಂದಿತ್ತು. ೧೯೫೬ರಲ್ಲಿ ಸ್ವೀಡನ್ನಿನಲ್ಲಿ ಇಬ್ಬರು ವಿಜ್ಞಾನಿಗಳು ಸರಿಯಾಗಿ ಎಣಿಸಿ, ಅವು ನಲವತ್ತಾರು ಮಾತ್ರ ಎಂದು ತೋರಿಸಿದರು. ಎಣಿಕೆಯೇ ಸರಿಯಿಲ್ಲದಿದ್ದಾಗ ಹೆಚ್ಚುಕಡಿಮೆಗಳು ತಿಳಿಯುವುದಾದರೂ ಹೇಗೆ? ಲೆಕ್ಕ ಸರಿಹೋದ ಎರಡೇ ವರ್ಷಗಳಲ್ಲಿ ಡೌನ್ ಸಿಂಡ್ರೋಮಿನ ಗುಟ್ಟೂ ಬಯಲಾಯಿತು.

ಅದನ್ನು ಬಯಲಿಗೆ ತಂದವರಲ್ಲಿ ಮಾರ್ತ್ ಗೋತ್ಯೇ ಎಂಬ ಫ್ರೆಂಚ್ ವೈದ್ಯೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆನು. ಆಕೆ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ವರ್ಷವಿದ್ದು, ದೇಹದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಕಲಿತು ಪ್ಯಾರಿಸಿಗೆ ಮರಳಿದ್ದಳು. ಅಲ್ಲಿಯ ತ್ರೂಸೋ ಆಸ್ಪತ್ರೆಯಲ್ಲಿ ಆಕೆಗೆ ದೊರೆತ ಪ್ರಯೋಗಾಲಯದಲ್ಲಿ ಸಲಕರಣೆಗಳು ಅಲ್ಪ. ಬೇಕಾದ ಗಾಜಿನ ಸಾಮಾನುಗಳಿಗೆ ತಾನೇ ಸಾಲ ಮಾಡಿದಳು. ಕೋಶಗಳಿಗೆ ಆಹಾರ ಬೇಕಲ್ಲವೇ? ಅದಕ್ಕಾಗಿ ಕೋಳಿಹುಂಜವೊಂದನ್ನು ಸಾಕಿ ಅದರ ರಕ್ತದ ದ್ರವವನ್ನು ಬಳಸಿದಳು. ಮನುಷ್ಯನ ರಕ್ತದ್ರವ ಬೇಕಾದಾಗ ತನ್ನ ತೋಳಿನಿಂದಲೇ ರಕ್ತ ತೆಗೆದಳು. ಹೀಗೆ ಬೆಳೆಸಿದ ಕೋಶಗಳಲ್ಲಿ, ಡೌನ್ ಸಿಂಡ್ರೋಮ್ ಇದ್ದ ಮಗುವಿನ ತಂತುಗಳನ್ನು ೧೯೫೮ರಲ್ಲಿ ಎಣಿಸಿದಾಗ ಅವು ನಲವತ್ತೇಳು ಇದ್ದುವು. ಆಕೆಯ ಸೂಕ್ಷ್ಮದರ್ಶಕಕ್ಕೆ ಚಿತ್ರ ತೆಗೆಯುವ ಸಾಧನವಿರಲಿಲ್ಲ. ಆದುದರಿಂದ ಜೆರೋಮ್ ಲೆಜೂನ್ ಎಂಬ ಸಹೋದ್ಯೋಗಿಯ ಕೈಗೆ ಗಾಜಿನ ಫಲಕಗಳನ್ನು ಕೊಟ್ಟಳು. ೧೯೫೯ರ ಜನವರಿಯಲ್ಲಿ ವಿಷಯ ಪ್ರಕಟವಾದಾಗ ಲೆಜೂನನ ಹೆಸರು ಮೊದಲು ಬಂದಿತು. ಗೋತ್ಯೇಯ ಹೆಸರು ಎರಡನೆಯದು, ಅದೂ ಅಕ್ಷರ ತಪ್ಪಾಗಿ. ಕೀರ್ತಿಯೆಲ್ಲ ಬಹುಪಾಲು ಮೊದಲಿನವನಿಗೆ ಸಂದಿತು. ಆಕೆಯ ಪಾಲನ್ನು ಫ್ರಾನ್ಸಿನ ವೈದ್ಯಸಂಶೋಧನ ಸಂಸ್ಥೆಯ ನೀತಿಸಮಿತಿ ಎತ್ತಿಹೇಳಿದ್ದು ೨೦೧೪ರಲ್ಲಿ. ಆಗ ಆಕೆಗೆ ಎಂಬತ್ತೆಂಟು ಮೀರಿತ್ತು. ೨೦೨೨ರಲ್ಲಿ ಆಕೆ ತೀರಿಕೊಂಡಳು.

ಈ ನಲವತ್ತೇಳನೆಯ ತಂತು ಎಲ್ಲಿಂದ ಬಂದಿತು? ಒಂದು ಹೋಲಿಕೆಯನ್ನು ತೆಗೆದುಕೊಳ್ಳೋಣ. ದೇಹ ಕಟ್ಟುವ ವಿಧಾನವು ಇಪ್ಪತ್ತಮೂರು ಸಂಪುಟಗಳ ಒಂದು ಗ್ರಂಥವೆಂದು ಭಾವಿಸಿರಿ. ಪ್ರತಿ ಮಗುವಿಗೂ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ದೊರೆಯುತ್ತದೆ. ಒಮ್ಮೊಮ್ಮೆ ಇಬ್ಬರಲ್ಲೊಬ್ಬರ ಕಡೆಯಿಂದ ಇಪ್ಪತ್ತೊಂದನೆಯ ಸಂಪುಟ ಒಂದರ ಬದಲು ಎರಡು ಬಂದುಬಿಡುತ್ತವೆ. ಅಂಡಾಣು ಅಥವಾ ವೀರ್ಯಾಣು ಸಿದ್ಧವಾಗುವಾಗ ಜೋಡಿಯಾಗಿದ್ದ ಆ ತಂತುಗಳು ಬೇರೆಯಾಗದೆ ಉಳಿಯುವುದೇ ಇದಕ್ಕೆ ಕಾರಣ. ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಯ ವಿಷಯದಲ್ಲಿ ನಡೆಯುವುದು ಹೀಗೆ. ಉಳಿದವರಲ್ಲಿ ಹೆಚ್ಚಿನ ತುಣುಕು ಬೇರೊಂದು ತಂತುವಿಗೆ ಅಂಟಿರುತ್ತದೆ, ಇಲ್ಲವೇ ಕೆಲವು ಕೋಶಗಳಲ್ಲಿ ಮಾತ್ರ ಇರುತ್ತದೆ. ಮನುಷ್ಯನ ತಂತುಗಳಲ್ಲಿ ಈ ಇಪ್ಪತ್ತೊಂದನೆಯದು ಬಹಳ ಚಿಕ್ಕದು. ಆದರೂ ಅದರಲ್ಲಿ ಇನ್ನೂರಕ್ಕೂ ಮಿಕ್ಕ ಸೂಚನೆಗಳಿದ್ದು, ಅವೆಲ್ಲ ಎರಡರ ಬದಲು ಮೂರು ಪಟ್ಟಾಗಿ ಕೆಲಸ ಮಾಡುವುದರಿಂದ ಮುಖ, ಸ್ನಾಯು, ಹೃದಯ, ಮೆದುಳು ಎಲ್ಲದರ ಬೆಳವಣಿಗೆಯೂ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಜರಾತಿ ಹುಡುಗನಲ್ಲಿಯೂ ಕನ್ನಡದ ಹುಡುಗಿಯಲ್ಲಿಯೂ ಅದೇ ಒಂದು ಸಂಪುಟ ಹೆಚ್ಚಾಗಿರುವುದರಿಂದ ಆ ಮಟ್ಟಿಗೆ ಹೋಲಿಕೆ. ಆದರೆ ಉಳಿದ ಎಲ್ಲ ಸಂಪುಟಗಳೂ ಅವರವರ ಮನೆಯವೇ. ಇನ್ನೊಮ್ಮೆ ನೋಡಿದಾಗ ಆ ಹುಡುಗಿಯ ಹುಬ್ಬು, ಮೈಬಣ್ಣ, ನಿಲ್ಲುವ ಠೀವಿ ತಾಯಿಯಂತೆಯೇ ಇರುವುದು ಕಾಣುತ್ತದೆ. ನಾವು ಮೊದಲನೆಯ ಹೋಲಿಕೆಯನ್ನು ಕಂಡು ಎರಡನೆಯದನ್ನು ನೋಡುವ ಮುನ್ನವೇ ಕಣ್ಣು ತಿರುಗಿಸಿಬಿಡುತ್ತೇವೆ.

ಇದು ಅಂಟುರೋಗವಲ್ಲ, ಗುಣಪಡಿಸಬೇಕಾದ ರೋಗವೂ ಅಲ್ಲ. ಇದೊಂದು ಹುಟ್ಟಿನ ಸ್ಥಿತಿ. ತಾಯಿ ಗ್ರಹಣದಲ್ಲಿ ಹೊರಗೆ ಬಂದುದರಿಂದಾಗಲಿ, ಏನನ್ನೋ ತಿಂದುದರಿಂದಾಗಲಿ, ಯಾರದೋ ಶಾಪದಿಂದಾಗಲಿ, ಹಿಂದಿನ ಜನ್ಮದ ಪಾಪದಿಂದಾಗಲಿ ಇದು ಬರುವುದಿಲ್ಲ. ತಾಯಿಯ ವಯಸ್ಸು ಏರಿದಂತೆ ಸಂಭವ ಹೆಚ್ಚುವುದು ನಿಜ. ನಲವತ್ತರ ವಯಸ್ಸಿನಲ್ಲಿ ಸುಮಾರು ನೂರಕ್ಕೊಂದು. ಆದರೆ ಎಳೆಯ ತಾಯಂದಿರೇ ಹೆಚ್ಚು ಮಕ್ಕಳನ್ನು ಹೆರುವುದರಿಂದ ಈ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದೂ ಅವರಿಗೇ. ಒಟ್ಟಿನಲ್ಲಿ ಎಂಟುನೂರರಿಂದ ಸಾವಿರ ಹೆರಿಗೆಗಳಿಗೆ ಒಂದರಂತೆ, ಎಲ್ಲ ದೇಶಗಳಲ್ಲಿಯೂ, ಎಲ್ಲ ಜಾತಿಗಳಲ್ಲಿಯೂ ಇಂಥ ಮಗು ಹುಟ್ಟುತ್ತದೆ.

ಹೃದಯದ ವಿಷಯ ಬಂದಾಗ ನನಗೆ ನನ್ನ ಊರು ನೆನಪಾಗುತ್ತದೆ. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಓರಗೆಯ ಒಬ್ಬ ಹುಡುಗನಿದ್ದನು. ಶಾಲೆಯಲ್ಲಿ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನಿಗೆ ಎಣಿಸಲು ಬಾರದೆಂದು ನಾವು ಹಾಸ್ಯ ಮಾಡುತ್ತಿದ್ದೆವು. ಆದರೆ ಹೊತ್ತು ಮುಳುಗುವಾಗ ಊರ ದನಗಳು ಹಿಂದಿರುಗಿದವೆಂದರೆ ಯಾವ ಆಕಳು ಯಾರ ಮನೆಯದೆಂಬುದು ಅವನಿಗೆ ಒಂದೂ ತಪ್ಪದೆ ತಿಳಿಯುತ್ತಿದ್ದಿತು. ಕೊರಳು ಸವರಿ ಒಂದೊಂದನ್ನೂ ಅದರದರ ಅಂಗಳಕ್ಕೆ ಬಿಟ್ಟು ಬರುತ್ತಿದ್ದನು. ಓಡಿದರೆ ಅವನಿಗೆ ಏದುಸಿರು. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದಿತು. ಅದನ್ನು ನೋಡಲೆಂದೇ ನಾವು ಅವನನ್ನು ಓಡಿಸುತ್ತಿದ್ದೆವು. ಇಪ್ಪತ್ತು ತುಂಬುವ ಮೊದಲೇ ಅವನು ತೀರಿಕೊಂಡನು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುತ್ತದೆಯೆಂದೂ, ಎಳವೆಯಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿದರೆ ಬಹುಪಾಲು ಮಂದಿ ಬದುಕುತ್ತಾರೆಂದೂ ನಾನು ಓದಿ ತಿಳಿದದ್ದು ಶಿಕ್ಷಕನಾಗಿ ಮುಂಬಯಿಗೆ ಬಂದ ಮೇಲೆ. ಅವನ ಎದೆಗೆ ಯಾವ ವೈದ್ಯನೂ ಕಿವಿಗೊಟ್ಟಿರಲಿಲ್ಲ.

ಅಮೆರಿಕದಲ್ಲಿ ೧೯೮೩ರ ಹೊತ್ತಿಗೆ ಇಂಥವರ ಸರಾಸರಿ ಆಯುಷ್ಯ ಇಪ್ಪತ್ತೈದು ವರ್ಷ. ಈಗ ಅದು ಅರವತ್ತರ ಹತ್ತಿರ. ಹೆಚ್ಚಿನ ತಂತು ಅಂದಿನಂತೆಯೇ ಇಂದೂ ಇದೆ. ಬದಲಾದದ್ದು ಚಿಕಿತ್ಸೆ, ಮತ್ತು ದೂರದ ಆಶ್ರಮಗಳಿಗೆ ಕಳುಹಿಸದೆ ಮಕ್ಕಳನ್ನು ಮನೆಯಲ್ಲಿಯೇ ಬೆಳೆಸುವ ಪದ್ಧತಿ.

ಕಲಿಕೆಯ ವಿಷಯವನ್ನು ಶಿಕ್ಷಕನಾದ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಮಕ್ಕಳ ಸ್ನಾಯುಗಳು ಮೆತ್ತಗಿರುವುದರಿಂದ ನಡೆಯಲು ತೊಡಗುವುದು ತಡ, ಎರಡು ವರ್ಷವಾಗಬಹುದು. ಮಾತು ಇನ್ನೂ ತಡ. ಬಾಯಿ ಚಿಕ್ಕದಾಗಿದ್ದು ನಾಲಗೆ ಸುಲಭವಾಗಿ ಹೊರಳದು. ಕಿವಿಯ ಹಾದಿ ಕಿರಿದಾದುದರಿಂದ ಒಳಗೆ ದ್ರವ ನಿಂತು ಎಷ್ಟೋ ಮಕ್ಕಳಿಗೆ ಕೇಳಿಸುವುದೇ ಕಡಿಮೆ. ಹೀಗೆ ಕೇಳಿಸದ ಮಗುವಿಗೆ ನಾವು ಬಾಯಿಪಾಠ ಹೇಳಿಸಿ, ಅದು ಹೇಳದಿದ್ದಾಗ ‘ಬುದ್ಧಿಯಿಲ್ಲ’ ಎಂದು ಬರೆದುಬಿಡುತ್ತೇವೆ. ಆದರೆ ಇವರಲ್ಲಿ ಅನೇಕರಿಗೆ ಕಿವಿಯ ನೆನಪಿಗಿಂತ ಕಣ್ಣಿನ ನೆನಪು ಚೆನ್ನಾಗಿರುತ್ತದೆ. ೧೯೮೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಒಬ್ಬ ತಂದೆಯು ತನ್ನ ಮಗಳಿಗೆ ಮೂರನೆಯ ವಯಸ್ಸಿನಲ್ಲಿಯೇ ಪದಗಳನ್ನು ಬರೆದ ಚೀಟಿಗಳನ್ನು ತೋರಿಸಿ ಓದು ಕಲಿಸಿದೆನೆಂದು ಪೋರ್ಟ್ಸ್‌ಮತ್ ನಗರದ ಸೂ ಬಕ್ಲಿ ಎಂಬ ಮನೋವಿಜ್ಞಾನಿಗೆ ಪತ್ರ ಬರೆದನು. ಆಕೆ ಅದನ್ನು ಅಲಕ್ಷಿಸದೆ ಪರೀಕ್ಷಿಸಿ, ಇತರ ಮಕ್ಕಳೂ ಹೀಗೆ ಕಲಿಯಬಲ್ಲರೆಂದು ತೋರಿಸಿದಳು. ಮಾತು ಬಂದ ಮೇಲೆ ಓದು ಎಂಬುದು ನಮ್ಮ ಕ್ರಮ. ಇವರಿಗೆ ಓದಿನಿಂದಲೇ ಮಾತು ಬರುವುದುಂಟು.

ಕಿವಿ ಕೇಳಿಸದಿರುವುದನ್ನು ಯಾರೂ ಗಮನಿಸದಿದ್ದರೆ ಏನಾಗುತ್ತದೆಯೆಂಬುದಕ್ಕೆ ಜೂಡಿತ್ ಸ್ಕಾಟ್ ಎಂಬಾಕೆಯ ಜೀವನವೇ ಸಾಕ್ಷಿ. ಆಕೆ ಹುಟ್ಟಿದ್ದು ೧೯೪೩ರಲ್ಲಿ, ಅಮೆರಿಕದ ಒಹಾಯೊ ರಾಜ್ಯದಲ್ಲಿ, ಅವಳಿಮಕ್ಕಳಲ್ಲಿ ಒಬ್ಬಳಾಗಿ. ಅವಳಿ ಸೋದರಿ ಜಾಯ್ಸ್‌ಗೆ ಡೌನ್ ಸಿಂಡ್ರೋಮ್ ಇರಲಿಲ್ಲ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಮಣ್ಣಿನಲ್ಲಿ ಆಡಿ ಬೆಳೆದರು. ಎಳವೆಯಲ್ಲಿ ಬಂದ ಜ್ವರದಿಂದ ಜೂಡಿತಳ ಕಿವಿಗಳು ಹೋಗಿದ್ದುವು. ಅದು ಯಾರಿಗೂ ತಿಳಿಯಲಿಲ್ಲ. ಶಾಲೆಗೆ ಸೇರಿಸುವಾಗ ಬಾಯಿಮಾತಿನ ಪ್ರಶ್ನೆಗಳನ್ನು ಕೇಳಿದರು. ಉತ್ತರ ಬರಲಿಲ್ಲ. ಕಲಿಯಲಾರದವಳೆಂದು ನಿರ್ಧರಿಸಿ, ೧೯೫೦ರಲ್ಲಿ, ಏಳು ವರ್ಷದ ಮಗುವನ್ನು ಸರಕಾರಿ ಆಶ್ರಮಕ್ಕೆ ಕಳುಹಿಸಿದರು. ಜಾಯ್ಸ್ ಒಂದು ಬೆಳಗ್ಗೆ ಎಚ್ಚೆತ್ತಾಗ ಪಕ್ಕದ ಜಾಗ ಬರಿದಾಗಿದ್ದಿತು.

ಜೂಡಿತ್ ಅಲ್ಲಿ, ಮತ್ತು ಅಂಥವೇ ಆಶ್ರಮಗಳಲ್ಲಿ, ಮೂವತ್ತೈದು ವರ್ಷಗಳನ್ನು ಕಳೆದಳು. ಚಿತ್ರ ಬರೆಯಲು ಬಣ್ಣದ ಕಡ್ಡಿ ಹಿಡಿದಾಗ ಅದನ್ನೂ ಅವಳಿಂದ ತೆಗೆದುಕೊಂಡರೆಂದು ಸೋದರಿ ಮುಂದೆ ಹೇಳಿದ್ದಾಳೆ. ೧೯೮೦ರ ದಶಕದ ನಡುವೆ ಜಾಯ್ಸ್ ಹಟ ಹಿಡಿದು, ಕಾನೂನಿನ ಮೂಲಕ ಅವಳ ಪಾಲಕಿಯಾಗಿ, ಕ್ಯಾಲಿಫೋರ್ನಿಯಾಕ್ಕೆ ಕರೆದುಕೊಂಡು ಬಂದಳು. ೧೯೮೭ರಲ್ಲಿ ಓಕ್‌ಲೆಂಡ್ ನಗರದ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರಕ್ಕೆ ಸೇರಿಸಿದಳು. ಇನ್ನೇನು, ಕೂಡಲೇ ಪ್ರತಿಭೆ ಅರಳಿತೆಂದು ನೀವು ನಿರೀಕ್ಷಿಸುತ್ತೀರಿ. ಹಾಗಾಗಲಿಲ್ಲ. ಸುಮಾರು ಎರಡು ವರ್ಷ ಜೂಡಿತ್ ಅಲ್ಲಿ ಕುಳಿತು ಕಾಗದದ ಮೇಲೆ ಸುರುಳಿಗಳನ್ನು ಗೀಚಿದ್ದಷ್ಟೇ. ಯಾವುದರಲ್ಲಿಯೂ ಆಸಕ್ತಿಯಿಲ್ಲ. ಆದರೂ ಅವಳನ್ನು ಹೊರಗೆ ಹಾಕಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಆ ಎರಡು ಖಾಲಿ ವರ್ಷಗಳೇ. ನಮ್ಮಲ್ಲಿ ಎರಡು ತಿಂಗಳಿಗೊಂದು ಪರೀಕ್ಷೆ. ಅಷ್ಟು ಕಾಯುವ ತಾಳ್ಮೆ ನನಗೆ ಇದೆಯೆಂದು ಹೇಳಲಾರೆನು.

ಒಂದು ದಿನ ನೂಲಿನ ಕಲೆಯನ್ನು ಬಲ್ಲ ಒಬ್ಬಾಕೆ ಬಂದು ಪಾಠ ನಡೆಸುತ್ತಿದ್ದಾಗ ಜೂಡಿತ್ ತಾನಾಗಿಯೇ ಎದ್ದುಹೋಗಿ ಒಂದಿಷ್ಟು ಕಡ್ಡಿಗಳನ್ನು ತೆಗೆದುಕೊಂಡು ಅವುಗಳಿಗೆ ನೂಲು ಸುತ್ತಲಾರಂಭಿಸಿದಳು. ಆಮೇಲೆ ಹದಿನೈದಕ್ಕೂ ಹೆಚ್ಚು ವರ್ಷ ಅದನ್ನು ನಿಲ್ಲಿಸಲಿಲ್ಲ. ಕೈಗೆ ಸಿಕ್ಕ ವಸ್ತುವನ್ನು, ಕೆಲವು ಸಲ ಇತರರ ವಸ್ತುಗಳನ್ನೂ, ಒಳಗಿಟ್ಟು ಬಣ್ಣಬಣ್ಣದ ಎಳೆಗಳಿಂದ ಬಿಗಿದು, ಹೆಣೆದು, ಗಂಟುಹಾಕಿ ಮಾಡಿದ ಆ ಆಕೃತಿಗಳು ಕೆಲವು ಗೂಡಿನಂತೆ, ಕೆಲವು ತೊಟ್ಟಿಲಿನಂತೆ, ಕೆಲವು ಅಪ್ಪಿಕೊಂಡ ಇಬ್ಬರಂತೆ ತೋರುತ್ತವೆ. ಒಂದು ಕೃತಿ ಯಾವಾಗ ಮುಗಿಯಿತೆಂಬುದನ್ನು ಅವಳೇ ನಿರ್ಣಯಿಸುತ್ತಿದ್ದಳು. ಮುಗಿದ ಮೇಲೆ ಅದನ್ನು ಅತ್ತ ನೂಕಿ ಇನ್ನೊಂದಕ್ಕೆ ಕೈಹಾಕುತ್ತಿದ್ದಳು. ನೂಲು ದೊರೆಯದಿದ್ದಾಗ ಕೈ ಒರೆಸುವ ಬಿಳಿ ಕಾಗದವನ್ನೇ ಗಂಟುಹಾಕಿ ಒಂದು ಕೃತಿ ರಚಿಸಿದಳು. ಹೀಗೆ ಸುಮಾರು ಇನ್ನೂರು ಕೃತಿಗಳು. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿಯೂ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿಯೂ ಅವು ಇವೆ. ಅವಳು ಒಂದು ಮಾತನ್ನೂ ಆಡಲಿಲ್ಲ. ೨೦೦೫ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಸೋದರಿಯ ತೋಳಿನಲ್ಲಿ ಕಣ್ಣುಮುಚ್ಚಿದಳು. ಜೂಡಿತಳನ್ನು ಪರೀಕ್ಷಿಸಿದವರು ಪ್ರಶ್ನೆ ಕೇಳುವ ಮೊದಲು ಅವಳ ಬೆನ್ನ ಹಿಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿದ್ದರೆ ಸಾಕಾಗಿದ್ದಿತು.

ಎಲ್ಲರೂ ಜೂಡಿತಳಂತೆ ಕಲಾವಿದರಾಗುತ್ತಾರೆಂದು ಇದರ ಅರ್ಥವಲ್ಲ. ನಮ್ಮಲ್ಲಿ ಎಲ್ಲರೂ ಆಗಿದ್ದೇವೆಯೇ? ನೈಜೆಲ್ ಹಂಟ್ ಎಂಬ ಇಂಗ್ಲಿಷ್ ತರುಣನು ತನ್ನ ಜೀವನವನ್ನು ತಾನೇ ಬೆರಳಚ್ಚು ಮಾಡಿ ೧೯೬೭ರಲ್ಲಿ ಪುಸ್ತಕವಾಗಿ ಹೊರತಂದನು. ಸ್ಪೇನಿನ ಪಾಬ್ಲೊ ಪಿನೇಡಾ ವಿಶ್ವವಿದ್ಯಾಲಯದ ಪದವಿ ಪಡೆದನು. ಅಮೆರಿಕದ ಕ್ರಿಸ್ ನಿಕಿಚ್ ೨೦೨೦ರ ನವೆಂಬರಿನಲ್ಲಿ ಒಂದೇ ದಿನದಲ್ಲಿ ಸಮುದ್ರದಲ್ಲಿ ೩.೮ ಕಿಲೋಮೀಟರ್ ಈಜಿ, ೧೮೦ ಕಿಲೋಮೀಟರ್ ಸೈಕಲ್ ತುಳಿದು, ೪೨ ಕಿಲೋಮೀಟರ್ ಓಡಿ, ಹದಿನೇಳು ಗಂಟೆಗಳ ಗಡುವಿಗೆ ಹದಿನಾಲ್ಕು ನಿಮಿಷ ಇರುವಂತೆ ಗುರಿ ಮುಟ್ಟಿದನು. ೨೦೨೫ರಲ್ಲಿ ಬಂದ ‘ಸಿತಾರೆ ಜಮೀನ್ ಪರ್’ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರಲ್ಲಿ ನಟಿಸಿದ ಕೇರಳದ ಗೋಪಿಕೃಷ್ಣ ವರ್ಮಾ ಅದಕ್ಕೂ ಮುಂಚೆ, ೨೦೨೧ರಲ್ಲಿ, ‘ತಿರಿಕೆ’ ಎಂಬ ಮಲಯಾಳ ಚಿತ್ರದ ನಾಯಕನಾಗಿದ್ದನು. ನಮ್ಮ ಹತ್ತಿರದ ಬೇಲಾಪುರದಲ್ಲಿ ೨೦೧೬ರಲ್ಲಿ ಒಂದು ಸಣ್ಣ ಉಪಾಹಾರಗೃಹವನ್ನು ಆರಂಭಿಸಿದ ಅದಿತಿ ವರ್ಮಾಗೂ ಡೌನ್ ಸಿಂಡ್ರೋಮ್ ಇದೆ. ಇವರೆಲ್ಲ ಪತ್ರಿಕೆಗಳಲ್ಲಿ ಬಂದವರು. ಬಾರದವರು ಬಹುಮಂದಿ: ಅಂಗಡಿಯಲ್ಲಿ ಸಾಮಾನು ಜೋಡಿಸುವವರು, ಅಜ್ಜಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವವರು. ಹಾಗೆಯೇ ಹೆಚ್ಚು ಸಹಾಯ ಬೇಕಾದವರೂ ಉಂಟು.

ಇನ್ನೊಂದು ತಪ್ಪನ್ನೂ ಹೇಳಬೇಕು. ಇವರನ್ನು ‘ದೇವರ ಮಕ್ಕಳು, ಸದಾ ನಗುವವರು’ ಎಂದು ಹೊಗಳುವ ಸಜ್ಜನರು ಬಹಳ. ಹೊಗಳಿಕೆಯಾದರೂ ಅದು ಅವರನ್ನು ನಮ್ಮಿಂದ ಬೇರೆಯಾಗಿಯೇ ಇಡುತ್ತದೆ. ಅವರಿಗೆ ಸಿಟ್ಟು ಬರುತ್ತದೆ, ಬೇಸರವಾಗುತ್ತದೆ, ಹಟವೂ ಉಂಟು. ಯಾರು ತಮ್ಮನ್ನು ನೋಡಿ ನಗುತ್ತಿದ್ದಾರೆಂಬುದು ಚೆನ್ನಾಗಿ ತಿಳಿಯುತ್ತದೆ.

ನಮ್ಮ ಈ ಮುಂಬಯಿಯಲ್ಲಿಯೇ, ೧೯೪೪ರಷ್ಟು ಹಿಂದೆ, ವಕೀಲ್ ಎಂಬ ಪಾರ್ಸಿ ದಂಪತಿಗಳು ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗೆ ಶಾಲೆಯಿಲ್ಲದುದನ್ನು ಕಂಡು ಮನೆಯಲ್ಲಿಯೇ ಒಂದು ಶಾಲೆಯನ್ನು ತೆರೆದರು. ಶಿವಡಿಯಲ್ಲಿರುವ ಜೈ ವಕೀಲ್ ಸಂಸ್ಥೆ ಹಾಗೆ ಬೆಳೆದದ್ದು. ೨೦೧೬ರ ಕಾಯಿದೆಯ ಪ್ರಕಾರ, ಅಂಗವಿಕಲತೆ ನಿಗದಿತ ಪ್ರಮಾಣದಲ್ಲಿರುವ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿಯಾಗಲಿ ವಿಶೇಷ ಶಾಲೆಯಲ್ಲಿಯಾಗಲಿ, ತಾವು ಆರಿಸಿದಲ್ಲಿ, ಉಚಿತವಾಗಿ ಕಲಿಯುವ ಹಕ್ಕಿದೆ. ನೆರೆಯ ಶಾಲೆಯೆಂದರೆ ನಮ್ಮದೂ ಆಗಬಹುದು. ಮುಂದಿನ ಜೂನಿನಲ್ಲಿ ನಿಮ್ಮ ಬೆಂಚಿನಲ್ಲಿಯೇ ಜಾಗ ಕೇಳಬಹುದು. ಮಾರ್ಚ್ ೨೧ನ್ನು ಈ ಜನರ ದಿನವೆಂದು ವಿಶ್ವಸಂಸ್ಥೆ ೨೦೧೨ರಿಂದ ಆಚರಿಸುತ್ತಿದೆ. ಇಪ್ಪತ್ತೊಂದನೆಯ ತಂತು ಮೂರಾಗಿರುವುದರಿಂದ ಮೂರನೆಯ ತಿಂಗಳ ಇಪ್ಪತ್ತೊಂದನೆಯ ದಿನ.

ಇದನ್ನೆಲ್ಲ ಆ ಇಬ್ಬರು ಹುಡುಗರಿಗೆ ಎರಡು ಮೂರು ಸಂಜೆಗಳಲ್ಲಿ ಹೇಳಿ ಮುಗಿಸಿದ ಮೇಲೆ, ಆ ಹುಡುಗಿಯ ಹೆಸರೇನೆಂದು ಅವರನ್ನು ಕೇಳಿದೆನು. ಅವರಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮರುವಾರ, ಅಂದು ನಕ್ಕಿದ್ದವನೇ ಓಡಿಬಂದು ಹೇಳಿದನು: “ಕೇಳಿದೆವು, ಸರ್. ಮೊದಲ ಸಲ ನಮಗೆ ತಿಳಿಯಲಿಲ್ಲ. ಎರಡನೆಯ ಸಲ ಅವಳೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಆಮೇಲೆ ನಮ್ಮ ಹೆಸರು ಕೇಳಿದಳು. ಇವನದನ್ನು ಮಾತ್ರ ಮೂರು ಸಲ ಹೇಳಬೇಕಾಯಿತು.”

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಜೆ ಐದೂಮುಕ್ಕಾಲಿನ ಹೊತ್ತಿಗೆ ಅವಳು ಸೇತುವೆಯ ಮೆಟ್ಟಿಲ ಬಳಿ ಇರುತ್ತಾಳೆ.